ಬೇಸಿಗೆ ಪೂರ್ತಿ ಏಪ್ರಿಲ್ 24, 1938ರಲ್ಲಿ

ಹೋದ ಬೇಸಿಗೆಯ ಶನಿವಾರ, ಭಾನುವಾರಗಳನ್ನೆಲ್ಲ ನಾನು ವಿದುರಾಶ್ವತ್ಥದಲ್ಲಿ ಕಳೆದೆ, 1938ನೇ ಇಸವಿಯ ಹಳ್ಳಿ ಹೆಂಗಸಾಗಿ. ಗೌರಿಬಿದನೂರು ಕಡೆಯ ಕೆಲವು ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು ಸೇರಿ ಕಟ್ಟಿಕೊಂಡ ಸಣ್ಣ ಗುಂಪು ನಮ್ಮದು. ದುಡ್ಡಿನ ಮಾತೇ ಇಲ್ಲ, ಬುತ್ತಿ ಮನೆಯಿಂದ. ಈ ಕೆಲಸಕ್ಕೆ ಲಿವಿಂಗ್ ಹಿಸ್ಟರಿ ಅನ್ನುತ್ತಾರೆ. ಹಳೆ ಕಾಲದ ಬಟ್ಟೆ ಹಾಕಿಕೊಂಡು, ಆ ಕಾಲದ ಕೆಲಸ ಮಾಡುತ್ತಾ, ಬಂದವರ ಜೊತೆ ಆ ಕಾಲದವರ ಹಾಗೆ ಮಾತಾಡುವುದು. ಸ್ಟಾಕ್‌ಹೋಮ್‌ನಲ್ಲಿ ಸ್ಕಾನ್ಸೆನ್ ಅಂತ ಬಯಲು ಮ್ಯೂಸಿಯಂ 1891ರಲ್ಲೇ ಶುರುವಾಯಿತು. ಅಮೆರಿಕದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ಒಂದು ಊರಿಗೆ ಊರನ್ನೇ 18ನೇ ಶತಮಾನದ ಹಾಗೆ ಇಟ್ಟಿದ್ದಾರೆ. ನಮಗೆ ಇದ್ದದ್ದು ಮರದ ನೆರಳು, ಒಂದು ಚಾಪೆ, ಒಂದು ಹಿತ್ತಾಳೆ ಚೊಂಬು. ಅಷ್ಟು ಸಾಕಾಯಿತು.

ವಿದುರಾಶ್ವತ್ಥದ ಕತೆ ನಮ್ಮ ಕಡೆಯವರಿಗೆ ಗೊತ್ತು. 1938ರ ಏಪ್ರಿಲ್ 25ರಂದು ಕಾಂಗ್ರೆಸ್ ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕರ್ನಾಟಕದ ಜಲಿಯನ್‌ವಾಲಾಬಾಗ್ ಅನ್ನುವುದು ಅದಕ್ಕೇ. ಗುಂಪಿನಲ್ಲಿ ಮೊದಲು ಬಂದ ಮಾತು ಆ ಗೋಲಿಬಾರನ್ನೇ ಆಡಿ ತೋರಿಸೋಣ ಅಂತ. ನಾನು ಬೇಡ ಅಂದೆ, ಈಗಲೂ ಬೇಡ ಅನ್ನುತ್ತೇನೆ. ಪಟಾಕಿ ಸದ್ದಿಗೆ ನಾಲ್ಕು ಜನ ಬಿದ್ದು ಹೊರಳಾಡಿದರೆ ನೋಡುವವರು ಮೊಬೈಲ್ ತೆಗೆಯುತ್ತಾರೆ, ಅಷ್ಟೇ. ಅಲ್ಲಿ ಸತ್ತವರ ಮನೆಯವರು ಇನ್ನೂ ಸುತ್ತಮುತ್ತಲ ಹಳ್ಳಿಗಳಲ್ಲಿ ಇದ್ದಾರೆ, ಅವರ ಮುಂದೆ ಅದನ್ನು ಹೇಗೆ ಆಡುವುದು? ಕೊನೆಗೆ ಎಲ್ಲರೂ ಒಪ್ಪಿದ್ದು, ನಾವು ಹಿಂದಿನ ದಿನದಲ್ಲೇ ನಿಲ್ಲೋಣ ಅಂತ. ಏಪ್ರಿಲ್ 24. ಜಾತ್ರೆಗೆ ಬಂದ ಜನ, ನಾಳೆ ಏನಾಗುತ್ತೆ ಅಂತ ಅವರಿಗೆ ಗೊತ್ತಿಲ್ಲ. ನೋಡಲು ಬಂದವರಿಗೆ ಗೊತ್ತು.

ನಿಜವಾಗಿ ಬದುಕಿದ್ದ ಯಾರ ಹೆಸರನ್ನೂ ನಾವು ಪಾತ್ರಕ್ಕೆ ಇಡಲಿಲ್ಲ. ನಾನು ಆಡುತ್ತಿದ್ದ ಹೆಂಗಸು ನಾವೇ ಕಟ್ಟಿದ ಪಾತ್ರ, ಅದನ್ನು ಬಂದವರಿಗೆ ಮೊದಲೇ ಹೇಳುತ್ತಿದ್ದೆ. ಅವಳ ಅಣ್ಣ ನಾಲ್ಕಾಣೆ ಕೊಟ್ಟು ಕಾಂಗ್ರೆಸ್ ಸದಸ್ಯನಾಗಿದ್ದಾನೆ. ಅವಳಿಗೆ ತಕಲಿಯಲ್ಲಿ, ಅಂದರೆ ಕೈಯಲ್ಲಿ ತಿರುಗಿಸುವ ಸಣ್ಣ ಕದಿರಿನಲ್ಲಿ, ನೂಲು ತೆಗೆಯುವುದನ್ನು ಕಲಿಸಿದ್ದಾನೆ. ಎರಡು ವಾರದ ಹಿಂದೆ ಮದ್ದೂರಿನ ಹತ್ತಿರ ಶಿವಪುರದಲ್ಲಿ ಬಾವುಟ ಹಾರಿಸಿದ್ದು, ಅಲ್ಲಿ ಜನರನ್ನು ಹಿಡಿದು ಜೈಲಿಗೆ ಹಾಕಿದ್ದು ಅವನ ಬಾಯಿಂದ ಕೇಳಿದ್ದಾಳೆ. ಇಲ್ಲಿ ಬಾವುಟ ಹಾರಿಸಬಾರದು ಅಂತ ಅಪ್ಪಣೆಯಾಗಿದೆ ಅಂತಲೂ ಗೊತ್ತು. ಅದರಾಚೆ ಅವಳಿಗೆ ಗೊತ್ತಿರುವುದು ರಾಗಿ, ಮಳೆ, ಜಾತ್ರೆ.

ಪಾತ್ರ ಕಟ್ಟುವಾಗ ನನಗೆ ಜಾಸ್ತಿ ಸಮಯ ಹಿಡಿದದ್ದು ಅವಳಿಗೆ ಏನು ಗೊತ್ತಿಲ್ಲ ಅನ್ನುವುದನ್ನು ಗುರುತು ಮಾಡಿಕೊಳ್ಳುವುದಕ್ಕೆ. ಯಾವ ಜಿಲ್ಲೆ ಅಂದರೆ ಕೋಲಾರ ಅನ್ನಬೇಕು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ರಾಜರು ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನರು ಮಿರ್ಜಾ ಇಸ್ಮಾಯಿಲ್. ಬೋರ್‌ವೆಲ್ ಇಲ್ಲ, ಬಾವಿಗೆ ಕಪಿಲೆ ಕಟ್ಟಿ ಎತ್ತುಗಳಿಂದ ನೀರು ಎತ್ತಬೇಕು. ರೂಪಾಯಿಗೆ ಹದಿನಾರು ಆಣೆ. ಇನ್ನು ಹಿಂದೂಪುರ, ಇದನ್ನು ಹೇಳಿದಾಗ ದೊಡ್ಡವರೂ ಕಿವಿ ನಿಮಿರಿಸುತ್ತಿದ್ದರು. ಬೆಳಿಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದೊಳಗೆ ಸೇರಬಹುದಾದ ಆ ಊರು ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಬ್ರಿಟಿಷರ ಸೀಮೆ, ಆದರೆ ಅಲ್ಲಿ 1937ರಿಂದ ರಾಜಾಜಿಯವರ ಕಾಂಗ್ರೆಸ್ ಸರ್ಕಾರವೇ ನಡೆಯುತ್ತಿತ್ತು. ಗಡಿಯ ಆ ಕಡೆ ಆ ಬಾವುಟದ ಪಕ್ಷ ಅಧಿಕಾರದಲ್ಲಿದೆ, ಈ ಕಡೆ ಮೈಸೂರು ಸೀಮೆಯಲ್ಲಿ ಅದೇ ಬಾವುಟ ಹಿಡಿದರೆ ಜೈಲು. "ನಮ್ಮಣ್ಣ ಕೇಳ್ತಾನೆ, ಅಲ್ಲಿ ತಪ್ಪಲ್ಲದ್ದು ಇಲ್ಲಿ ಹೆಂಗೆ ತಪ್ಪು ಅಂತ" ಅಂದು ನಾನು ಸುಮ್ಮನಾಗುತ್ತಿದ್ದೆ. ಮುಂದಿನ ಮಾತು ಬಂದವರೇ ಆಡುತ್ತಿದ್ದರು.

ಬಟ್ಟೆ ಬಗ್ಗೆ ಹೇಳಲೇಬೇಕು. ದಪ್ಪ ಖಾದಿ ಸೀರೆ, ಗಾಜಿನ ಬಳೆ, ಸ್ಟಿಕ್ಕರ್ ಬದಲು ಕುಂಕುಮ. ಏಪ್ರಿಲ್ ಬಿಸಿಲಿಗೆ ಖಾದಿ ಒಳ್ಳೆಯದು ಅಂತಾರೆ, ನಿಜ, ಆದರೆ ಒದ್ದೆಯಾದರೆ ಭಾರ, ಬೇಗ ಒಣಗುವುದೂ ಇಲ್ಲ. ಗಡಿಯಾರ, ಮೊಬೈಲ್, ಪ್ಲಾಸ್ಟಿಕ್ ಬಾಟಲಿ ಯಾವುದೂ ಕಣ್ಣಿಗೆ ಬೀಳಬಾರದು. ನೀರು ಮಾತ್ರ ಚೊಂಬಿನಲ್ಲಿ ತುಂಬಿಸಿಕೊಳ್ಳುತ್ತಲೇ ಇರಬೇಕು, ಈ ಕೆಲಸದಲ್ಲಿ ಇಡೀ ದಿನ ಮಾತಾಡುವುದೇ ಅಲ್ವಾ, ಗಂಟಲು ಒಣಗುತ್ತೆ.

ಮತ್ತೆ ಕೈಗೊಂದು ಕೆಲಸ ಬೇಕೇ ಬೇಕು. ಸುಮ್ನೆ ವೇಷ ಹಾಕಿಕೊಂಡು ನಿಂತವರನ್ನು ಜನ ದೂರದಿಂದ ನೋಡಿ ಹೋಗುತ್ತಾರೆ. ಕೂತು ತಕಲಿ ತಿರುಗಿಸಿದರೆ ಹತ್ತಿರ ಬರುತ್ತಾರೆ. ಎಡಗೈಯಲ್ಲಿ ಹಂಜಿ, ಅಂದರೆ ನೂಲಲು ಸುತ್ತಿಟ್ಟ ಹತ್ತಿಯ ಸುರುಳಿ, ಬಲಗೈಯಲ್ಲಿ ತಕಲಿ. ತಿರುವಿ ಬಿಟ್ಟು ಹಂಜಿಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾ ಹೋದರೆ ನೂಲು ಬರುತ್ತದೆ, ಅವಸರ ಮಾಡಿದರೆ ಪಟ್ಟಂತ ಹರಿಯುತ್ತದೆ. ಮಕ್ಕಳ ಕೈಗೆ ಕೊಟ್ಟರೆ ಬಿಡುವುದೇ ಇಲ್ಲ. ಅವರು ಎಳೆಯ ಮೇಲೆ ಕಣ್ಣಿಟ್ಟು ಕೂತಿರುವಾಗ ನೀವು ಏನು ಹೇಳಿದರೂ ಕೇಳಿಸಿಕೊಳ್ಳುತ್ತಾರೆ, ಒಂದು ಮೊಳ ನೂಲಿಗೆ ಎಷ್ಟು ಹೊತ್ತು, ಒಂದು ಸೀರೆಗೆ ಎಷ್ಟಾದೀತು ಅಂತ ಅವರೇ ಲೆಕ್ಕ ಹಾಕುತ್ತಾರೆ.

ಚಾಪೆಯ ಮೇಲೆ ಮಡಿಸಿಟ್ಟ ಬಾವುಟ ಇತ್ತು. ಬಿಚ್ಚಿ ತೋರಿಸಿದರೆ ಮಕ್ಕಳು ಒಂದೇ ಮಾತು: "ಅಕ್ಕಾ, ಬಾವುಟ ತಪ್ಪಾಗಿದೆ!" ನಡುವೆ ಅಶೋಕ ಚಕ್ರದ ಬದಲು ಚರಕ. 1931ರಲ್ಲಿ ಕಾಂಗ್ರೆಸ್ ಒಪ್ಪಿದ ಬಾವುಟ ಅದು, ಚಕ್ರ ಬಂದದ್ದು 1947ರ ಜುಲೈನಲ್ಲಿ. ಆದರೆ ನನ್ನ ಪಾತ್ರದ ಹೆಂಗಸಿಗೆ 1947 ಗೊತ್ತಿಲ್ಲ. ಹಾಗಾಗಿ ನಾನು ಕೇಳುತ್ತಿದ್ದೆ, "ನೀವು ಬೇರೆ ಬಾವುಟ ನೋಡಿದ್ದೀರಾ ಮಗಾ? ಹೆಂಗಿದೆ ಅದು?" ಅವರು ನೆಲದ ಮೇಲೆ ಕಡ್ಡಿಯಲ್ಲಿ ಚಕ್ರ ಬರೆದು ತೋರಿಸುತ್ತಿದ್ದರು. ಇಡೀ ಬೇಸಿಗೆಯಲ್ಲಿ ನನಗೆ ಅತಿ ಇಷ್ಟವಾದ ಹೊತ್ತು ಅದೇ.

ಕೆಲವು ಪ್ರಶ್ನೆಗೆ ಪಾತ್ರದೊಳಗಿದ್ದು ಉತ್ತರ ಕೊಡಬಾರದು. ಆಗ ತಕಲಿಯನ್ನು ಚಾಪೆಯ ಮೇಲೆ ಇಟ್ಟುಬಿಡುತ್ತಿದ್ದೆ, ಈಗ ನಾನು ಇವತ್ತಿನವಳು ಅಂತ ಅರ್ಥ. ಎಷ್ಟು ಜನ ಸತ್ತರು ಅನ್ನುವುದು ಅಂಥ ಪ್ರಶ್ನೆ. ಸರ್ಕಾರದ ಲೆಕ್ಕವೇ ಬೇರೆ, ಜನರ ಲೆಕ್ಕವೇ ಬೇರೆ, ಎರಡನ್ನೂ ಹೇಳಿ ಸ್ಮಾರಕದ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ. ಆಮೇಲೆ ಏನಾಯಿತು ಅನ್ನುವುದೂ ಹಾಗೇ. ಮೇ ತಿಂಗಳಲ್ಲಿ ಸರ್ದಾರ್ ಪಟೇಲರು ಬಂದು ದಿವಾನರ ಜೊತೆ ಮಾತಾಡಿದರು. ಮೈಸೂರಿನ ಬಾವುಟದ ಜೊತೆ ಕಾಂಗ್ರೆಸ್ ಬಾವುಟವನ್ನೂ ಹಾರಿಸಬಹುದು ಅಂತ ಒಪ್ಪಂದವಾಯಿತು. ಇದನ್ನು ಕೇಳಿದ ಒಬ್ಬರು ಅಜ್ಜ, "ಹಂಗಾದ್ರೆ ಒಂದು ತಿಂಗಳು ಮೊದಲೇ ಒಪ್ಪಬಹುದಿತ್ತಲ್ಲಮ್ಮ" ಅಂದರು. ಅದಕ್ಕೆ ನಾನು ಏನೂ ಹೇಳಲಿಲ್ಲ, ಅವರ ಜೊತೆ ನಿಂತುಕೊಂಡೆ.

ನೀವೂ ಇಂಥದ್ದು ಮಾಡುವುದಾದರೆ ಜಾಗ ನೋಡಿಕೊಳ್ಳುವವರ ಒಪ್ಪಿಗೆ ಮೊದಲೇ ತಗೊಳ್ಳಿ, ದೇವಸ್ಥಾನಕ್ಕೆ ಬರುವವರ ದಾರಿಗೆ ಅಡ್ಡ ಕೂರಬೇಡಿ, ಊರಿನ ಹಿರಿಯರನ್ನು ಕೂರಿಸಿಕೊಂಡು ಪಾತ್ರದ ಮಾತನ್ನೆಲ್ಲ ಒಂದು ಸಲ ಆಡಿ ತೋರಿಸಿ. ಹಂಜಿ ಜಾಸ್ತಿ ಇಟ್ಟುಕೊಳ್ಳಿ, ಮಕ್ಕಳು ಖಾಲಿ ಮಾಡುತ್ತಾರೆ. ಗಡಿ ಆ ಕಡೆಯಿಂದ ಬರುವವರು ತುಂಬಾ ಜನ, ಅದಕ್ಕೇ ಈ ಸಲ ನನ್ನ ಮಾತನ್ನೆಲ್ಲ ತೆಲುಗಿನಲ್ಲೂ ಕಲಿಯುತ್ತಿದ್ದೇನೆ.