ಆತಂಕವನ್ನು ಓಡಿಸದೆ ನೋಡಲು ಕಲಿತದ್ದು: ನನ್ನ ಅನುಭವ

ನನ್ನಲ್ಲಿ ಆತಂಕ ಮೊದಲು ಕಾಣಿಸಿಕೊಳ್ಳುವುದು ಮೈಯಲ್ಲಿ, ಆಮೇಲೆ ಮನಸ್ಸಿನಲ್ಲಿ. ಹೊಟ್ಟೆಯೊಳಗೆ ಹಿಡಿದುಕೊಂಡಂತಾಗಿ ಎದೆಬಡಿತ ಜೋರಾಗುವಷ್ಟರಲ್ಲಿ, ಮಂಡ್ಯದಲ್ಲಿ ಒಬ್ಬರೇ ಇರುವ ಅಮ್ಮ ಫೋನ್ ಎತ್ತಲಿಲ್ಲವೆಂಬ ಸಣ್ಣ ಸಂಗತಿಯ ಸುತ್ತ ಆಸ್ಪತ್ರೆ, ಆಂಬುಲೆನ್ಸ್, ಅಪರಾತ್ರಿಯ ಪ್ರಯಾಣ ಎಲ್ಲವೂ ಬೆಳೆದುಬಿಟ್ಟಿರುತ್ತವೆ. ಅಪಾಯದ ಸುಳಿವು ಸಿಕ್ಕೊಡನೆ ಅಡ್ರಿನಲಿನ್ ಹರಿಸಿ ದೇಹವನ್ನು ಸಜ್ಜುಗೊಳಿಸುವ ನಮ್ಮ ನರವ್ಯವಸ್ಥೆ, ಬರೀ ಕಲ್ಪನೆಯ ಅಪಾಯಕ್ಕೂ ಹಾಗೆಯೇ ಸ್ಪಂದಿಸುತ್ತದೆ.

‘ಅದನ್ನೆಲ್ಲ ಯೋಚಿಸಬೇಡ’ ಎನ್ನುವುದು ಮನೆಯವರ ಸಲಹೆಯಾಗಿತ್ತು. ಪ್ರೀತಿಯ ಮಾತೇ ಸರಿ, ಆದರೆ ಪಾಲಿಸಲಾಗದ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದು ಮತ್ತೆ ಮತ್ತೆ ನೆನಪಾಯಿತು. ಆನಂತರ ನೆನೆಯಬಹುದು ಎಂದಾಗ, ಮೊದಲಿನಿಂದಲೇ ಅನುಮತಿ ಪಡೆದವರಿಗಿಂತ ಹೆಚ್ಚಾಗಿ ಅದು ಅವರ ಮನಸ್ಸಿಗೆ ಬಂತು.

ಮೈಸೂರಿನಲ್ಲಿ ನಾನು ಸೇರಿದ ಎಂಟು ವಾರಗಳ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ತಳ್ಳದೆ ಗಮನಿಸುವ ಧ್ಯಾನ) ತರಗತಿ, ಅಮೆರಿಕದ ಧ್ಯಾನ ಶಿಕ್ಷಕ ಜಾನ್ ಕಬತ್-ಜಿನ್ 1979ರಲ್ಲಿ ಮಸಾಚುಸೆಟ್ಸ್‌ನಲ್ಲಿ ಆರಂಭಿಸಿದ ಕ್ರಮವನ್ನು ಆಧರಿಸಿತ್ತು. ಕಣ್ಣು ಮುಚ್ಚಿ ಉಸಿರನ್ನು ಗಮನಿಸಿದಷ್ಟೂ ಉಸಿರು ಸಾಲುತ್ತಿಲ್ಲವೆಂಬ ಹೊಸ ಭಯ ನನ್ನನ್ನು ಹಿಡಿಯಿತು. ಕೆಲವರಿಗೆ ಹೀಗಾಗುವುದುಂಟೆಂದು ಹೇಳಿದ ಶಿಕ್ಷಕಿ, ಕಣ್ಣು ತೆರೆದು, ನಡೆಯುತ್ತ, ಪಾದಗಳನ್ನು ಗಮನಿಸಲು ಸೂಚಿಸಿದರು. ನನ್ನ ಮಟ್ಟಿಗೆ ಅಭ್ಯಾಸ ನಿಜವಾಗಿ ಆರಂಭವಾದದ್ದು ಆಗಲೇ.

ಅಂದಿನಿಂದ ಕುಕ್ಕರಹಳ್ಳಿ ಕೆರೆಯ ಏರಿಯೇ ನನ್ನ ಅಭ್ಯಾಸದ ಜಾಗ. ಹಿಮ್ಮಡಿ ಊರುವುದು, ಭಾರ ಮುಂಗಾಲಿಗೆ ಸರಿಯುವುದು, ಬೆರಳುಗಳು ನೆಲ ಬಿಡುವುದು: ಇವಿಷ್ಟನ್ನು ಗಮನಿಸುತ್ತ ನಡೆಯುತ್ತೇನೆ. ಹೆಜ್ಜಾರ್ಲೆಗಳು ಕಂಡರೆ ನೋಡುತ್ತೇನೆ, ಅದಕ್ಕೇನೂ ನಿಷೇಧವಿಲ್ಲ. ಯೋಚನೆ ಬಂದಾಗ ಅದನ್ನು ತಳ್ಳದೆ, ‘ಇದು ಚಿಂತೆ’, ‘ಇದು ಲೆಕ್ಕಾಚಾರ’ ಎಂದು ಮನಸ್ಸಿನಲ್ಲೇ ಗುರುತಿಸಿ, ಅದರೊಂದಿಗೆ ಮೈಯಲ್ಲಿ ಎಲ್ಲಿ ಬಿಗಿತವಿದೆಯೆಂದು ನೋಡಿ, ಮತ್ತೆ ಪಾದಕ್ಕೆ ಮರಳುತ್ತೇನೆ. ‘ಅಮ್ಮನಿಗೆ ಏನೋ ಆಗಿದೆ’ ಎಂಬಲ್ಲಿ ‘ಅಮ್ಮನಿಗೆ ಏನೋ ಆಗಿದೆಯೆಂಬ ಯೋಚನೆ ಬಂದಿದೆ’ ಎಂದುಕೊಂಡಾಗ ಭಯ ಮಾಯವಾಗುವುದಿಲ್ಲ, ಆದರೆ ನನಗೂ ಅದಕ್ಕೂ ನಡುವೆ ಸ್ವಲ್ಪ ಜಾಗ ಸಿಗುತ್ತದೆ. ಗಮನಿಸಿದೊಡನೆ ಆತಂಕ ಕರಗುತ್ತದೆಂದು ಭರವಸೆ ಕೊಡುವವರನ್ನು ನಾನು ನಂಬುವುದಿಲ್ಲ. ಕರಗಿತೇ ಎಂದು ಪರೀಕ್ಷಿಸುತ್ತ ಕೂತರೆ ಅದೂ ಒಂದು ಚಿಂತೆಯೇ.

ಗಮನಿಸುವುದೆಂದರೆ ಕೈಕಟ್ಟಿ ಕೂರುವುದಲ್ಲ. ಆ ಸ್ವಲ್ಪ ಜಾಗದಲ್ಲಿ ಈಗ ಮಾಡಬೇಕಾದದ್ದೇನಾದರೂ ಇದೆಯೇ ಎಂದು ಕೇಳಿಕೊಳ್ಳುತ್ತೇನೆ. ಇದ್ದರೆ ಪಕ್ಕದ ಮನೆಯವರಿಗೆ ಒಂದು ಕರೆ ಮಾಡುತ್ತೇನೆ. ಹತ್ತು ಬಾರಿ ಅಮ್ಮನ ನಂಬರನ್ನೇ ಒತ್ತುವುದಿಲ್ಲ. ಅಮ್ಮನಿಗೂ ಇದರಿಂದ ನೆಮ್ಮದಿಯಾಗಿದೆ, ಏಕೆಂದರೆ ಸ್ನಾನ ಮುಗಿಸಿ ಬಂದು ಅಷ್ಟೊಂದು ಮಿಸ್ಡ್ ಕಾಲ್ ನೋಡಿ ಗಾಬರಿಯಾಗುತ್ತಿದ್ದವರು ಅವರೇ.

ಇದನ್ನು ಆರಂಭಿಸುವವರು ಒಮ್ಮೆ ವೈದ್ಯರನ್ನು ಕಾಣುವುದು ಒಳ್ಳೆಯದು. ಥೈರಾಯ್ಡ್ ಹೆಚ್ಚಳ, ರಕ್ತಹೀನತೆ, ಅತಿಯಾದ ಕಾಫಿಯಿಂದಲೂ ಎದೆ ಡವಗುಟ್ಟಬಹುದು. ಎದೆನೋವನ್ನಂತೂ ಗಮನಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಿದ್ದೆ, ಕೆಲಸ ಕೆಡುವಷ್ಟು ಆತಂಕವಿದ್ದರೆ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.