ದುಡ್ಡು, ಮೈ, ಹೊತ್ತು: ಮೂರನ್ನೂ ಒಂದೇ ಲೆಕ್ಕದಲ್ಲಿ ಇಟ್ಟ ನನ್ನ ಅನುಭವ

ದೊಡ್ಡ ತೀರ್ಮಾನ ಯಾವುದೇ ಇರಲಿ, ನಾನು ಕೇಳಿಕೊಳ್ಳುವುದು ಇಷ್ಟು: ಇದರಿಂದ ದುಡ್ಡು ಎಷ್ಟು ಬರುತ್ತದೆ, ಹೊತ್ತು ಎಷ್ಟು ಹೋಗುತ್ತದೆ, ಮೈ ಏನಾಗುತ್ತದೆ? ಮೂರಕ್ಕೂ ಉತ್ತರ ಸಿಗುವವರೆಗೆ ಒಪ್ಪಿಕೊಳ್ಳುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೈಯಲ್ಲಿ ಕಾಸು ಕಡಿಮೆ, ಮುಂದಿರುವ ವರ್ಷಗಳು ಮಾತ್ರ ಬೇಕಾದಷ್ಟು. ಅದಕ್ಕೇ ಸಂಬಳ ಬಂದ ದಿನವೇ ಒಂದು ಪಾಲು ಎತ್ತಿಡುತ್ತಾ ಬಂದೆ. 72ನ್ನು ಬಡ್ಡಿದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಕ್ಕೆ ದುಪ್ಪಟ್ಟಾಗುತ್ತದೆಂದು ಹೆಚ್ಚೂಕಡಿಮೆ ತಿಳಿಯುತ್ತದೆ. ಶೇ. 8ರ ಚಕ್ರಬಡ್ಡಿಯಾದರೆ 9 ವರ್ಷ. 25ನೇ ವಯಸ್ಸಿನಲ್ಲಿ ಇಟ್ಟದ್ದು 61ಕ್ಕೆ ಸುಮಾರು 16 ಪಟ್ಟು. 34ರಲ್ಲಿ ಇಟ್ಟರೆ 8 ಪಟ್ಟು ಅಷ್ಟೇ.

ಮೂವತ್ತು ದಾಟಿದ ಮೇಲೆ ಲೆಕ್ಕ ತಿರುಗಿತು. ದುಡ್ಡು ಬರುತ್ತಿತ್ತು, ಬಿಡುವು ಇರಲಿಲ್ಲ. ಕೆಲಸಕ್ಕೆ ಹೋಗಿಬರಲು ದಿನಕ್ಕೆ 2 ಗಂಟೆ ಹಿಡಿದರೂ 250 ದಿನಕ್ಕೆ 500 ಗಂಟೆ ದಾರಿಯಲ್ಲೇ ಕಳೆಯುತ್ತದೆ. ಬಾಡಿಗೆ ಜಾಸ್ತಿಯಾದರೂ ಸರಿ ಎಂದು ಕೆಲಸದ ಜಾಗದ ಹತ್ತಿರ ಮನೆ ಹಿಡಿದೆ. ಉಳಿದ ಹೊತ್ತನ್ನು ಮತ್ತೆ ಕೆಲಸ ನುಂಗದಂತೆ ನೋಡಿಕೊಂಡೆ. ಇದು ಬಹಳ ಮುಖ್ಯ. ಇಲ್ಲದಿದ್ದರೆ ಕೊಟ್ಟ ಹೆಚ್ಚುವರಿ ಬಾಡಿಗೆ ದಂಡ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ವ್ಯಾಯಾಮ ಬೇಕೆನ್ನುತ್ತದೆ. ವರ್ಷಕ್ಕೆ ಅದು ಬರೀ 130 ಗಂಟೆ. ಮಿಕ್ಕಿದ್ದು ನಿದ್ದೆಗೆ, ಮಕ್ಕಳಿಗೆ.

ಅಪ್ಪ ಹಾಸಿಗೆ ಹಿಡಿದಾಗ ಕೈಹಿಡಿದದ್ದು ಬೇರೆಯಾಗಿ ಇಟ್ಟಿದ್ದ ಆರು ತಿಂಗಳ ಮನೆಖರ್ಚಿನ ಹಣ. ಸಂಬಳವಿಲ್ಲದ ರಜೆ ಹಾಕಿ ಅವರ ಜೊತೆಗಿದ್ದೆ. ಡಾಕ್ಟರು ಬಂದಾಗ ಕೇಳಬೇಕಾದ್ದನ್ನೆಲ್ಲ ಕೇಳಿ ಬರೆದುಕೊಳ್ಳುತ್ತಿದ್ದೆ, ರಾತ್ರಿ ಮಗ್ಗುಲು ಬದಲಿಸುತ್ತಿದ್ದೆ. ಸಾಲ ಆಗಲಿಲ್ಲ, ಹಳೆಯ ಉಳಿತಾಯ ಮುರಿಯಲಿಲ್ಲ. ನನ್ನ ದುಡ್ಡು ಅಷ್ಟು ಸಾರ್ಥಕವಾಗಿ ಖರ್ಚಾದದ್ದು ಇನ್ನೊಂದಿಲ್ಲ. ಆರೋಗ್ಯ ವಿಮೆಯನ್ನೂ ಎಲ್ಲರೂ ಗಟ್ಟಿಯಾಗಿದ್ದಾಗಲೇ ಮಾಡಿಸಿದ್ದೆ. ಕಾಯಿಲೆ ಪತ್ತೆಯಾದ ಮೇಲೆ ಹೋದರೆ ಕಂತು ಏರಬಹುದು, ಆ ಕಾಯಿಲೆಗೆ ಕಾಯುವ ಅವಧಿಯೂ ಬೀಳಬಹುದು.

ಆಮೇಲಿಂದ ನನ್ನ ಬಿಪಿಯನ್ನು ಮನೆಯಲ್ಲೇ ನೋಡಿಕೊಳ್ಳುತ್ತೇನೆ. ಅದು ಏರಿದ್ದರೂ ಎಷ್ಟೋ ಜನಕ್ಕೆ ಯಾವ ಲಕ್ಷಣವೂ ಕಾಣುವುದಿಲ್ಲ. ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಟ್ಟಿ ಸುತ್ತಿದ ತೋಳು ಎದೆಯ ಮಟ್ಟದಲ್ಲಿರಬೇಕು, ಮಾತಾಡಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಮನೆಖರ್ಚಿನ ಪುಸ್ತಕದಲ್ಲೇ ಬರೆದಿಡುತ್ತೇನೆ.

ಈಗ ಐವತ್ತು ದಾಟಿದೆ. ವಯಸ್ಸಾದಂತೆ ಸ್ನಾಯು ತಾನಾಗಿ ಕರಗುವುದರಿಂದ ವಾರಕ್ಕೆ ಎರಡು ದಿನ ಭಾರ ಎತ್ತುತ್ತೇನೆ. ಮುಂದಿನ ವರ್ಷದಿಂದ ವಾರಕ್ಕೆ ನಾಲ್ಕೇ ದಿನ ದುಡಿಯುವುದೆಂದು ಮನೆಯಲ್ಲಿ ಮಾತಾಗಿದೆ. ಸಂಬಳದ ಐದನೇ ಒಂದು ಪಾಲು ಹೋಗುತ್ತದೆ. ಸಾಲ ತೀರಿರುವುದರಿಂದ ಅಷ್ಟನ್ನು ಬಿಟ್ಟುಕೊಡಬಲ್ಲೆವು.