ಒಬ್ಬರೇ ದಾನಿ, ಮೂರು ಒಪ್ಪಂದ: ನವೀಕರಣದ ಹೊತ್ತಿಗೆ ಒಂದು ಮಾಡಿಕೊಳ್ಳುವುದು ಹೇಗೆ

ಕೊಪ್ಪಳ ಜಿಲ್ಲೆಯ ಒಂದು ಸಣ್ಣ ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಗ್ರಂಥಾಲಯ, ಸಂಜೆ ಪಾಠ, ಕಿಶೋರಿಯರ ಗುಂಪು, ಮೂರಕ್ಕೂ ದುಡ್ಡು ಬರುತ್ತಿದ್ದದ್ದು ಒಂದೇ ಕಂಪನಿಯ ಸಿಎಸ್‌ಆರ್‌ನಿಂದ, ಅಂದರೆ ಸಮಾಜದ ಕೆಲಸಕ್ಕೆ ಅಂತ ಕಂಪನಿ ಎತ್ತಿಡುವ ಹಣದಿಂದ. ಒಪ್ಪಂದ ಮಾತ್ರ ಮೂರು. ನಮ್ಮ ಕಾರ್ಯಕರ್ತೆ ಒಂದೇ ದಿನ ಒಂದೇ ಊರಲ್ಲಿ ಮೂರೂ ಕೆಲಸ ನೋಡಿ ಬಂದರೆ, ಒಂದು ಪೆಟ್ರೋಲ್ ಬಿಲ್ಲಿಗೆ ಮೂರು ವೋಚರ್. ಎರಡಕ್ಕೆ ಜೆರಾಕ್ಸ್ ಹಚ್ಚಿ, ‘ಮೂಲ ಬಿಲ್ಲು ಇಂಥ ಫೈಲಿನಲ್ಲಿದೆ’ ಅಂತ ಬರೆಯಬೇಕು. ಅಷ್ಟು ಹೊತ್ತಲ್ಲಿ ಶಾಲೆ ಬಿಟ್ಟ ಒಂದು ಹುಡುಗಿಯ ಮನೆಗೆ ಹೋಗಿ ಬರಬಹುದಿತ್ತು, ಅಲ್ವಾ?

ಇಂಥ ಒಪ್ಪಂದಗಳನ್ನು ಒಂದು ಮಾಡಬೇಕೆಂದರೆ ಮೊದಲು ದುಡ್ಡು ಎಲ್ಲಿಂದ ಬಂದದ್ದು ನೋಡಿ. ವಿದೇಶಿ ದೇಣಿಗೆಯನ್ನು ಇಲ್ಲಿನ ದೇಣಿಗೆಯ ಜೊತೆ ಬೆರೆಸುವಂತಿಲ್ಲ. ಎಫ್‌ಸಿಆರ್‌ಎ ಅಂದರೆ ವಿದೇಶಿ ದೇಣಿಗೆಯ ಕಾಯ್ದೆ; 2020ರಲ್ಲಿ ಅದರ ತಿದ್ದುಪಡಿ ಆದಮೇಲೆ ವಿದೇಶಿ ದುಡ್ಡು ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದರಲ್ಲಿ ಆಡಳಿತ ಖರ್ಚು ಶೇ. 20 ದಾಟಬಾರದು. ಒಂದು ಮಾಡುವುದು ಒಬ್ಬರೇ ದಾನಿಯ, ಒಂದೇ ಬಗೆಯ ದುಡ್ಡನ್ನು ಮಾತ್ರ.

ಆಮೇಲೆ ದಿನಾಂಕ. ಒಂದು ಸೆಪ್ಟೆಂಬರ್‌ಗೆ, ಇನ್ನೊಂದು ಡಿಸೆಂಬರ್‌ಗೆ ಮುಗಿಯುತ್ತಿದ್ದರೆ ಅವಕ್ಕೆ ಇಡೀ ವರ್ಷದ ನವೀಕರಣ ಕೇಳಬೇಡಿ. ಮಾರ್ಚ್ 31ರವರೆಗೆ ವಿಸ್ತರಣೆ ಕೇಳಿ. ಏಪ್ರಿಲ್ 1ರಿಂದ ಒಂದೇ ಒಪ್ಪಂದ. ಸಿಎಸ್‌ಆರ್‌ನ ವಾರ್ಷಿಕ ಕ್ರಿಯಾ ಯೋಜನೆ ಕಂಪನಿಯ ಬೋರ್ಡಿಗೆ ಹೋಗುವ ಮೊದಲೇ ಈ ಮಾತು ಆಡಿರಬೇಕು. ಆಮೇಲೆ ಬದಲಾಯಿಸುವುದು ಅವರಿಗೂ ತಲೆನೋವು.

ಬಜೆಟ್‌ಗೆ ಜಾಸ್ತಿ ಸಮಯ ಕೊಡಿ. ಸುಮ್ನೆ ಮೂರನ್ನೂ ಕೂಡಿಸಿಬಿಡಬೇಡಿ. ಹಳೆಯ ಬಜೆಟ್‌ಗಳನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಒಬ್ಬೊಬ್ಬರ ಸಂಬಳದ ಸಾಲನ್ನು ಅಡ್ಡಡ್ಡ ಓದಿ. ಸಂಯೋಜಕರ ಸಂಬಳದಲ್ಲಿ ಒಂದರಿಂದ ಶೇ. 40, ಇನ್ನೊಂದರಿಂದ 30, ಮತ್ತೊಂದರಿಂದ 20 ಬರುತ್ತಿದೆ ಅನ್ನಿ. ಉಳಿದ ಶೇ. 10 ಎಲ್ಲಿಂದ ಹೋಗುತ್ತಿತ್ತು? ಸಂಸ್ಥೆಯ ಕೈಯಿಂದ! ಮೂರು ಫೈಲಿದ್ದಾಗ ಇದು ಕಣ್ಣಿಗೇ ಬೀಳುವುದಿಲ್ಲ. ಹೊಸ ಬಜೆಟ್‌ನಲ್ಲಿ ಪೂರ್ತಿ ಸಂಬಳ ಕೇಳಿ, ಸಂಕೋಚ ಬೇಡ. ‘ಒಂದಾಯಿತಲ್ಲ, ಖರ್ಚೂ ಇಳಿಯಬೇಕು’ ಅಂತ ದಾನಿ ಹೇಳಬಹುದು. ಕಡಿಮೆಯಾಗುವುದು ಕಾಗದದ ಕೆಲಸ, ಮಕ್ಕಳ ಸಂಖ್ಯೆಯಲ್ಲ ಅಂತ ತಿಳಿಸಿ ಹೇಳಿ. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಮೂರು ಕಾಸ್ಟ್ ಸೆಂಟರ್ (ಒಂದೊಂದು ಕೆಲಸದ ಖರ್ಚಿನ ಬೇರೆ ಬೇರೆ ತಲೆಬರಹ) ಹಾಗೇ ಇರಲಿ, ಯಾವ ಕೆಲಸಕ್ಕೆ ಎಷ್ಟು ಹೋಯಿತು ಅಂತ ಕೇಳಿದಾಗ ಬೇಕಾಗುತ್ತದೆ.

ಹಳೆಯ ಒಪ್ಪಂದಗಳನ್ನು ಬೇರೆ ಬೇರೆಯಾಗಿಯೇ ಮುಚ್ಚಿ. ಮೂರಕ್ಕೂ ಯುಟಿಲೈಸೇಶನ್ ಸರ್ಟಿಫಿಕೇಟ್, ಅಂದರೆ ಕೊಟ್ಟ ಹಣ ಅದೇ ಕೆಲಸಕ್ಕೆ ಖರ್ಚಾಯಿತು ಅನ್ನುವ ಪ್ರಮಾಣಪತ್ರ ಕೊಡಿ. ಉಳಿಕೆ ಹಣವನ್ನು ಹೊಸದಕ್ಕೆ ತರುವುದಾದರೆ ಮೊತ್ತ ನಮೂದಿಸಿದ ಪತ್ರ ತೆಗೆದುಕೊಳ್ಳಿ. ಫೋನಿನಲ್ಲಿ ಒಪ್ಪಿದ್ದನ್ನು ಆಡಿಟರ್ ಒಪ್ಪುವುದಿಲ್ಲ.

ಒಂದು ಕೆಲಸದ ಬಗ್ಗೆ ದಾನಿಗೆ ಮನಸ್ಸಿಲ್ಲ ಅನ್ನಿಸಿದರೆ ಅದನ್ನು ಸೇರಿಸಬೇಡಿ. ಸೇರಿಸಿದವಕ್ಕೂ ಒಪ್ಪಂದದಲ್ಲಿ ಒಂದು ಸಾಲು ಹಾಕಿಸಿ: ಒಂದು ಕೆಲಸದ ವರದಿ ತಡವಾದರೆ ಅದರ ಪಾಲಿನ ಕಂತು ಮಾತ್ರ ನಿಲ್ಲಬೇಕು, ಉಳಿದೆರಡರದ್ದು ಬರುತ್ತಿರಬೇಕು. ಸಹಿಗೆ ಮುಂಚೆಯೇ ಕೇಳಿ.